ಮುಡಿ: ಉಳಿಸಿಕೊಂಡದ್ದು, ಸಿಂಗರಿಸಿದ್ದು, ಬಿಟ್ಟುಕೊಟ್ಟದ್ದು

ಕನ್ನಡದಲ್ಲಿ 'ಮುಡಿ' ಎಂಬ ಪದ ಹೊತ್ತಿರುವ ಅರ್ಥಭಾರ ಅಸಾಮಾನ್ಯವಾದುದು. ನಾಮಪದವಾಗಿ ಅದು ತಲೆಗೂದಲು, ಕಟ್ಟಿದ ತುರುಬು. ಕ್ರಿಯಾಪದವಾಗಿ ಹೂವನ್ನು ಧರಿಸುವುದು. ಹರಕೆ ಹೊತ್ತವರು ದೇವರಿಗೆ 'ಮುಡಿ ಕೊಡು'ತ್ತಾರೆ. ಬಟ್ಟೆಯಲ್ಲಿ ಗಂಟು ಕಟ್ಟಿ ದೇವರಿಗೆಂದು ಎತ್ತಿಡುವ ಕಾಣಿಕೆ 'ಮುಡಿಪು'. ಕಾಪಾಡಿಕೊಳ್ಳುವುದು, ಸಿಂಗರಿಸುವುದು, ಕೊಟ್ಟುಬಿಡುವುದು ಎಂಬ ಮೂರು ಬಗೆಯ ನಡೆಗಳೂ ಒಂದೇ ಪದದ ಸುತ್ತ ನೆರೆದಿವೆ. ಕೂದಲನ್ನು ಕುರಿತ ನಮ್ಮ ಸಮಾಜದ ಚಿಂತನೆಯೂ ಈ ಮೂರರ ನಡುವೆಯೇ ಸುತ್ತಾಡಿದೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡವರಿಗಾಗಿ ತಮ್ಮ ನೀಳಕೇಶವನ್ನು ಕತ್ತರಿಸಿ ಕೊಡುವ ಯುವತಿಯರನ್ನು ಈಗ ಕಾಲೇಜುಗಳಲ್ಲಿ ಕಾಣುತ್ತೇವೆ. ಯುವಕರೂ ಇದಕ್ಕೆಂದೇ ಕೂದಲು ಬೆಳೆಸುವುದುಂಟು. ಮನೆಯ ಹಿರಿಯರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಹೆಣ್ಣುಮಗಳು ಮುಡಿ ಕತ್ತರಿಸುವುದು ಅಮಂಗಳವೆಂಬ ಆತಂಕ ಒಂದು ಕಡೆ. ದಾನವೆಂದ ಮೇಲೆ ಕೊಡದಿರುವುದು ಸ್ವಾರ್ಥವಲ್ಲವೇ ಎಂಬ ಒತ್ತಡ ಇನ್ನೊಂದು ಕಡೆ. ಈ ಪ್ರಶ್ನೆಗೆ ಜೈನಪರಂಪರೆಯೂ ಕನ್ನಡ ಕಾವ್ಯವೂ ಏನನ್ನು ಹೇಳಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೈನಪುರಾಣಗಳಲ್ಲಿ ಕೇಶದ ಕಥೆ ಆದಿತೀರ್ಥಂಕರನಿಂದಲೇ ಆರಂಭವಾಗುತ್ತದೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ ಪ್ರಕಾರ, ನೀಲಾಂಜನೆಯ ನೃತ್ಯದ ನಡುವೆಯೇ ಅವಳ ಆಯುಷ್ಯ ಮುಗಿದದ್ದನ್ನು ಕಂಡು ವಿರಕ್ತನಾದ ವೃಷಭನಾಥನು ದೀಕ್ಷೆ ಕೈಗೊಳ್ಳುವಾಗ ಐದು ಮುಷ್ಟಿಗಳಲ್ಲಿ ತನ್ನ ಕೇಶವನ್ನು ತಾನೇ ಕಿತ್ತುಹಾಕುತ್ತಾನೆ. ಆ ಕೂದಲನ್ನು ಇಂದ್ರನು ರತ್ನಕರಂಡಕದಲ್ಲಿರಿಸಿ ಕ್ಷೀರಸಮುದ್ರದಲ್ಲಿ ವಿಸರ್ಜಿಸುತ್ತಾನೆ. ಶ್ವೇತಾಂಬರ ಪರಂಪರೆಯಲ್ಲಿ ಕಥೆ ಸ್ವಲ್ಪ ಭಿನ್ನ: ನಾಲ್ಕು ಮುಷ್ಟಿಗಳಾದ ಮೇಲೆ ಹೆಗಲ ಮೇಲೆ ಉಳಿದ ಕೇಶದ ಚೆಲುವನ್ನು ಕಂಡು ಇಂದ್ರನು ಅದನ್ನು ಹಾಗೆಯೇ ಬಿಡಬೇಕೆಂದು ಪ್ರಾರ್ಥಿಸುತ್ತಾನೆ, ಸ್ವಾಮಿ ಒಪ್ಪುತ್ತಾನೆ. ವೃಷಭನಾಥನ ವಿಗ್ರಹಗಳಲ್ಲಿ ಭುಜದ ಮೇಲೆ ಇಳಿಬಿದ್ದ ಕೇಶರಾಶಿ ಅವನನ್ನು ಇತರ ತೀರ್ಥಂಕರರಿಂದ ಬೇರ್ಪಡಿಸಿ ತೋರಿಸುವ ಗುರುತೇ ಆಗಿದೆ. ತ್ಯಾಗದ ಕಥೆಯ ಒಳಗೇ ಉಳಿಸಿಕೊಳ್ಳುವಿಕೆಗೂ ಒಂದು ಎಡೆ ದೊರೆತಿರುವುದು ಗಮನಾರ್ಹ.

ಮುನಿಧರ್ಮದಲ್ಲಿ ಕೇಶಲೋಚವು ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ಎರಡು ತಿಂಗಳಿಗೊಮ್ಮೆ ಮಾಡುವ ಲೋಚ ಉತ್ತಮ, ಮೂರು ತಿಂಗಳಿಗೊಮ್ಮೆ ಮಧ್ಯಮ, ನಾಲ್ಕು ತಿಂಗಳಿಗೊಮ್ಮೆ ಜಘನ್ಯ ಎಂದು ಮೂಲಾಚಾರ ವಿಧಿಸುತ್ತದೆ. ಆ ದಿನ ಉಪವಾಸ. ಇದಕ್ಕೆ ಕೊಡುವ ಕಾರಣಗಳು ನೇರವಾಗಿವೆ. ಕೂದಲು ಬೆಳೆದರೆ ಹೇನು ಮೊದಲಾದ ಜೀವಿಗಳು ಹುಟ್ಟಿ ಹಿಂಸೆಗೆ ಎಡೆಯಾಗುತ್ತದೆ. ಕ್ಷೌರ ಮಾಡಿಸಿಕೊಳ್ಳಬೇಕೆಂದರೆ ಕತ್ತಿಯನ್ನೋ ಹಣವನ್ನೋ ಇಟ್ಟುಕೊಳ್ಳಬೇಕು, ಇಲ್ಲವೇ ಇನ್ನೊಬ್ಬರಲ್ಲಿ ಯಾಚಿಸಬೇಕು. ಜಟೆ ಬಿಟ್ಟು ಸಂಸ್ಕರಿಸುತ್ತ ಹೋದರೆ ದೇಹದ ಮೇಲಿನ ಮಮತೆ ಬೆಳೆಯುತ್ತದೆ. ಇಲ್ಲಿ ಕೂದಲನ್ನು ಅಶುಭವೆಂದಾಗಲಿ ಪಾಪದ ಗುರುತೆಂದಾಗಲಿ ಹಳಿದಿಲ್ಲ. ಅದಕ್ಕಾಗಿ ಪರಾವಲಂಬಿಯಾಗಬಾರದು ಎಂಬುದೇ ಮುಖ್ಯ. ಕೈ ತನ್ನದೇ, ತಲೆ ತನ್ನದೇ, ನೋವೂ ತನ್ನದೇ. ಆರ್ಯಿಕೆಯರಿಗೂ ಈ ವಿಧಿ ಉಂಟು.

ಗೃಹಸ್ಥರ ಮಟ್ಟಿಗೆ ಶಾಸ್ತ್ರದ ಧೋರಣೆ ಬೇರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳನ್ನು ಬಿಡಬೇಕೆಂದು ಹೇಳುತ್ತದೆ. ಆ ದಿನ ಬಿಡಬೇಕೆಂದರೆ ಉಳಿದ ದಿನಗಳಲ್ಲಿ ಅವು ಇರುತ್ತವೆ ಎಂದೇ ಅರ್ಥ. ಭೋಗೋಪಭೋಗಪರಿಮಾಣವ್ರತದ ತಿರುಳೂ ಇದೇ: ಎಷ್ಟು ಬೇಕು ಎಂಬ ಮಿತಿಯನ್ನು ಗೃಹಸ್ಥನೇ, ಗೃಹಿಣಿಯೇ ಹಾಕಿಕೊಳ್ಳಬೇಕು. ಹೂ ಮುಡಿಯುವುದನ್ನು ಶ್ರಾವಕಾಚಾರ ನಿಷೇಧಿಸಲಿಲ್ಲ, ಅಳತೆಯೊಳಗೆ ಇರಿಸಿತು.

ಇನ್ನು ಶಿಲ್ಪವನ್ನು ನೋಡೋಣ. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಯ ಹೆಗಲ ಮೇಲೆ ಕೇಶದ ಎಳೆಗಳು ಇಳಿಬಿದ್ದಿವೆ. ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನಿಗಾದರೋ ತಲೆಗೆ ಅಂಟಿದ ಸುರುಳಿಗೂದಲು. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತವನ ಮೈಮೇಲೆ ಕಾಲ ಸರಿದದ್ದನ್ನು ಬಾದಾಮಿಯ ಶಿಲ್ಪಿ ಬಳ್ಳಿಯಿಂದಲೂ ಕೂದಲಿನಿಂದಲೂ ತೋರಿಸಿದ. ಬೆಳಗೊಳದ ಶಿಲ್ಪಿ ಆ ಕೆಲಸವನ್ನು ಬಳ್ಳಿಗೂ ಹುತ್ತಕ್ಕೂ ಒಪ್ಪಿಸಿದ. ಕೇವಲಿಯ ಉಗುರು, ಕೂದಲುಗಳು ಬೆಳೆಯುವುದಿಲ್ಲವೆಂಬುದು ಅತಿಶಯಗಳಲ್ಲಿ ಒಂದು. ಆ ಹಿನ್ನೆಲೆಯಲ್ಲಿ ಬೆಳಗೊಳದ ಮೂರ್ತಿಯನ್ನು ಕಾಲವನ್ನು ದಾಟಿದ ನಿಲುವೆಂದೂ, ಬಾದಾಮಿಯದನ್ನು ಕಾಲದೊಳಗಿನ ತಪಸ್ಸೆಂದೂ ಓದಲು ಸಾಧ್ಯ. ಬಾದಾಮಿಯಲ್ಲಿ ಕೂದಲು ಬೆಳೆದದ್ದು ಯಾರೂ ಬೆಳೆಸಿದ್ದರಿಂದಲ್ಲ, ಅದರತ್ತ ಗಮನವೇ ಇಲ್ಲದ್ದರಿಂದ.

ಕಾವ್ಯದಲ್ಲಿ ಒಂದೇ ಒಂದು ಕೂದಲು ರಾಜ್ಯವನ್ನು ಬಿಡಿಸಿದ್ದೂ ಉಂಟು. ಜನ್ನನ ಯಶೋಧರಚರಿತೆ (1209) ಹೇಳುವ ಕಥಾಪರಂಪರೆಯಲ್ಲಿ ಯಶೋಧರನ ತಂದೆ ಯಶೌಘನು ತನ್ನ ತಲೆಯಲ್ಲಿ ನರೆಗೂದಲನ್ನು ಕಂಡು ಮಗನಿಗೆ ಪಟ್ಟಕಟ್ಟಿ ತಪಸ್ಸಿಗೆ ತೆರಳುತ್ತಾನೆ. ಜೈನಕಥನದಲ್ಲಿ ನರೆ ಎಂಬುದು ಮುಪ್ಪು ಕಳುಹಿಸಿದ ದೂತ. ಬೇಲೂರಿನ ಮದನಿಕೆಯೊಬ್ಬಳು ಕೈಗನ್ನಡಿ ಹಿಡಿದು ತನ್ನ ಸಿಂಗಾರವನ್ನು ನೋಡಿಕೊಳ್ಳುತ್ತಾಳೆ. ಆ ದೇವಾಲಯ 1117ರದು. ನರೆಯಲ್ಲಿ ಅನಿತ್ಯತೆಯನ್ನು ಓದಿದ ಕಾವ್ಯವೂ ಕನ್ನಡಿಯ ಮುಂದಿನ ಚೆಲುವನ್ನು ಕಲ್ಲಿನಲ್ಲಿ ನಿಲ್ಲಿಸಿದ ಶಿಲ್ಪವೂ ಒಂದು ಶತಮಾನದ ಅಂತರದಲ್ಲಿ ಹೊಯ್ಸಳ ನಾಡಿನಲ್ಲಿಯೇ ಹುಟ್ಟಿದವು. ಎರಡನ್ನೂ ಆ ಕಾಲ ಒಪ್ಪಿಕೊಂಡಿತ್ತು.

ಆದರೆ ಮುಡಿಯ ಬಗೆಗಿನ ಅತ್ಯಂತ ಬಿಸಿಯಾದ ಮಾತು ಬಂದಿರುವುದು ಪಂಪನ ವಿಕ್ರಮಾರ್ಜುನವಿಜಯದಲ್ಲಿ (941). ದುಶ್ಶಾಸನನು ಮುಡಿ ಹಿಡಿದು ಸಭೆಗೆ ಎಳೆತಂದಾಗ ದ್ರೌಪದಿ ಮಾಡುವ ಪ್ರತಿಜ್ಞೆ ಘೋರವಾದುದು: ಎಳೆದವನನ್ನು ಕೊಂದು ಅವನ ಕರುಳಿನಿಂದಲೇ ತನಗೆ ಮುಡಿಸುವವರೆಗೆ ಮುಡಿ ಕಟ್ಟುವುದಿಲ್ಲ ಎಂದು. ಭೀಮ ಅದನ್ನು ಈಡೇರಿಸುತ್ತಾನೆ. ಮಹಾಭಾರತಕ್ಕೆ ಆದಿ ಈ ಮುಡಿಯೇ ಎಂಬ ಅರ್ಥದ ಮಾತನ್ನು ಪಂಪ ಅಲ್ಲಿ ಆಡಿಸುತ್ತಾನೆ. ಭಟ್ಟನಾರಾಯಣನ ವೇಣೀಸಂಹಾರದ ಜಾಡಿನಲ್ಲಿ ಸಾಗಿದ ರನ್ನನ ಗದಾಯುದ್ಧದಲ್ಲಿಯೂ ಭೀಮನ ಛಲಕ್ಕೆ ಈ ಮುಡಿಯೇ ಇಂಧನ. ದ್ರೌಪದಿ ಮುಡಿಯನ್ನು ಉಳಿಸಿಕೊಂಡಳು, ಆದರೆ ಕಟ್ಟಲಿಲ್ಲ. ಕಟ್ಟದೆ ಬಿಟ್ಟ ಕೂದಲು ಅವಳಿಗೆ ಆಯುಧವಾಯಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಜೈನಕವಿಗಳೇ ಆ ಕೋಪವನ್ನು ಇಷ್ಟು ಗೌರವದಿಂದ ಚಿತ್ರಿಸಿದ್ದೇಕೆ? ಪರರ ಕೈ ತನ್ನ ಮುಡಿಯ ಮೇಲೆ ಬಿದ್ದದ್ದು ಎಂಥ ಅನ್ಯಾಯವೆಂಬುದನ್ನು ಅವರು ಅರಿತಿದ್ದರು ಎಂಬುದೇ ನನಗೆ ತೋರುವ ಉತ್ತರ.

ಈ ಮಾತಿಗೆ ಚಂದನೆಯ ಕಥೆ ಇನ್ನೊಂದು ಬದಿಯಿಂದ ಬೆಳಕು ಚೆಲ್ಲುತ್ತದೆ. ಚೇಟಕ ರಾಜನ ಮಗಳಾದ ಅವಳು ದೈವವಶದಿಂದ ಕೌಶಾಂಬಿಯ ವರ್ತಕನೊಬ್ಬನ ಮನೆಯನ್ನು ಸೇರುತ್ತಾಳೆ. ವರ್ತಕನ ಹೆಂಡತಿ ಶಂಕೆಯಿಂದ ಅವಳನ್ನು ಸರಪಳಿಯಲ್ಲಿ ಬಂಧಿಸಿ ಹಾರಕದ ಕೂಳು ಹಾಕುತ್ತಾಳೆಂದು ಗುಣಭದ್ರಾಚಾರ್ಯರ ಉತ್ತರಪುರಾಣ ಹೇಳುತ್ತದೆ. ಶ್ವೇತಾಂಬರ ಕಥನದಲ್ಲಿ ಆ ಶಂಕೆಗೆ ಕಾರಣವೇ ಕೂದಲು. ವರ್ತಕನ ಕಾಲು ತೊಳೆಯುವಾಗ ಬಿಚ್ಚಿಕೊಂಡ ಅವಳ ಹೆರಳು ಕೆಸರಿಗೆ ತಾಗದಿರಲೆಂದು ಅವನು ಎತ್ತಿ ಕಟ್ಟಿದ್ದನ್ನು ಕಂಡ ಹೆಂಡತಿ ಅವಳ ತಲೆ ಬೋಳಿಸುತ್ತಾಳೆ. ವರ್ಧಮಾನಸ್ವಾಮಿ ಆಹಾರಕ್ಕೆ ಬಂದಾಗ ಸಂಕಲೆಗಳು ಕಳಚುತ್ತವೆ. ಗುಣಭದ್ರರು ಆ ಗಳಿಗೆಯಲ್ಲಿ ಅವಳ ಕಪ್ಪು ಕೇಶಭಾರದಿಂದ ಮಾಲತಿಯ ಮಾಲೆ ಜಾರುತ್ತಿದ್ದುದನ್ನು ಮರೆಯದೆ ವರ್ಣಿಸುತ್ತಾರೆ. ಅನಂತರ ಅದೇ ಚಂದನೆ ದೀಕ್ಷೆ ಪಡೆದು ಆರ್ಯಿಕಾಸಂಘದ ಗಣಿನಿಯಾಗುತ್ತಾಳೆ, ಕೇಶವನ್ನು ತಾನೇ ತ್ಯಜಿಸುತ್ತಾಳೆ. ಬೋಳಿಸಿಕೊಂಡ ತಲೆ, ಲೋಚ ಮಾಡಿಕೊಂಡ ತಲೆ ಎರಡೂ ನೋಟಕ್ಕೆ ಒಂದೇ. ಮೊದಲನೆಯದು ಶಿಕ್ಷೆ, ಎರಡನೆಯದು ವ್ರತ. ಕಥೆ ಅವಳ ಕೇಶವನ್ನು ಮೊದಲು ಅವಳಿಗೆ ಹಿಂದಿರುಗಿಸುತ್ತದೆ, ಆಮೇಲೆ ಅವಳಿಂದ ತ್ಯಾಗ ಮಾಡಿಸುತ್ತದೆ. ತನ್ನದಲ್ಲದ್ದನ್ನು ತ್ಯಜಿಸಲಾಗದು ಎಂಬ ವಿವೇಕ ಈ ಕ್ರಮದಲ್ಲಿ ಅಡಗಿದೆ.

ಈ ವಿವೇಕವನ್ನು ನಮ್ಮ ಸಮಾಜ ಮರೆತದ್ದಕ್ಕೆ ಆಧುನಿಕ ಕನ್ನಡ ಕಥನವೇ ಸಾಕ್ಷಿ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ ಬಾಲವಿಧವೆಯ ನೀಳಕೂದಲು ಕ್ಷೌರಿಕನ ಕತ್ತಿಗೆ ಬಲಿಯಾಗುತ್ತದೆ. ಅನಂತಮೂರ್ತಿಯವರ 'ಘಟಶ್ರಾದ್ಧ'ದ ಯಮುನೆಗೆ ತಲೆ ಬೋಳಿಸಿ ಬಹಿಷ್ಕಾರ ಹಾಕುತ್ತಾರೆ. ಎರಡೂ ಕಡೆ ವೈರಾಗ್ಯದ ಚಿಹ್ನೆಯನ್ನು ವೈರಾಗ್ಯವಿಲ್ಲದವರ ಮೇಲೆ ಹೇರಲಾಗಿದೆ. ಇದಕ್ಕೆ ತದ್ವಿರುದ್ಧವಾಗಿ ಅಕ್ಕಮಹಾದೇವಿ ಉಡುಗೆಯನ್ನು ತೊರೆದಳು, ಕೇಶವನ್ನು ತೊರೆಯಲಿಲ್ಲ. ಸೀರೆ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿದ್ದೇಕೆಂದು ಕಲ್ಯಾಣದಲ್ಲಿ ಅಲ್ಲಮ ಕೇಳಿದ ಪ್ರಶ್ನೆ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧ. ಆ ಮರೆ ತನಗಾಗಿ ಅಲ್ಲ, ನೋಡುವವರಿಗಾಗಿ ಎಂಬುದು ಅವಳ ಉತ್ತರದ ಸಾರ. ಉಳಿಸಿಕೊಂಡದ್ದಕ್ಕೂ ಅವಳಲ್ಲಿ ಕಾರಣವಿತ್ತು, ಆ ಕಾರಣ ಅವಳದೇ ಆಗಿತ್ತು.

ಈಗ ದಾನದ ಪ್ರಶ್ನೆಗೆ ಬರೋಣ. ಕೇಶಲೋಚ ದಾನವಲ್ಲ, ತ್ಯಾಗ. ಅಲ್ಲಿ ಪಡೆಯುವವರು ಯಾರೂ ಇಲ್ಲ. ಹರಕೆಯ ಮುಡಿ ದೇವರಿಗೆ ಸಲ್ಲುವ ಕಾಣಿಕೆ. ತಿರುಮಲೆಯಲ್ಲಿ ಸಲ್ಲಿಸಿದ ಕೂದಲು ಮುಂದೆ ಹರಾಜಾಗುತ್ತದಾದರೂ ಕೊಟ್ಟವರ ಭಾವಕ್ಕೂ ಅದಕ್ಕೂ ಸಂಬಂಧವಿಲ್ಲ. ರೋಗಿಗಾಗಿ ಕೊಡುವ ಕೂದಲು ಈ ಎರಡಕ್ಕಿಂತ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅನುಗ್ರಹಕ್ಕಾಗಿ 'ಸ್ವ'ವನ್ನು, ಅಂದರೆ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ಲಕ್ಷಣ ಹೇಳಿ, ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ಅದರ ಫಲ ಬೇರೆಯಾಗುತ್ತದೆಂದು ವಿವರಿಸುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧದಾನಗಳಲ್ಲಿ ಕೇಶಕ್ಕೆ ಹೆಸರಿಲ್ಲ. ಆದರೆ ಆದಿಪುರಾಣ ಹೇಳುವ ನಾಲ್ಕು ದತ್ತಿಗಳಲ್ಲಿ ಮೊದಲನೆಯದು ದಯಾದತ್ತಿ: ದುಃಖಿತರಲ್ಲಿ ಕರುಣೆಯಿಟ್ಟು ಅವರ ಭಯವನ್ನು ನೀಗುವುದು. ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ ಎರಗುವ ಕೀಮೋಥೆರಪಿ ಕೂದಲಿನ ಬುಡವನ್ನೂ ಬಿಡುವುದಿಲ್ಲ. ಕನ್ನಡಿಯಲ್ಲಿ ತನ್ನ ಮುಖವನ್ನೇ ಗುರುತಿಸಲಾಗದ ಅಂಜಿಕೆ ಚಿಕಿತ್ಸೆಯ ನೋವಿಗೆ ಸೇರಿಕೊಳ್ಳುತ್ತದೆ. ಆ ಅಂಜಿಕೆಯನ್ನು ಕಳೆಯುವ ಕೇಶದಾನವನ್ನು ದಯಾದತ್ತಿಯ ವ್ಯಾಪ್ತಿಗೆ ತರಲು ಶಾಸ್ತ್ರದ ಅಡ್ಡಿ ನನಗೆ ಕಾಣುವುದಿಲ್ಲ.

ಹಾಗೆಂದು ಅದು ಎಲ್ಲರ ಮೇಲಿನ ಋಣವೂ ಅಲ್ಲ. ಲಕ್ಷಣದಲ್ಲಿರುವ 'ಸ್ವ' ಎಂಬ ಒಂದಕ್ಷರವನ್ನು ಗಟ್ಟಿಯಾಗಿ ಹಿಡಿದರೆ ಎರಡೂ ಬದಿಯ ಒತ್ತಡಗಳು ಕಳಚುತ್ತವೆ. ಮುಡಿ ಮನೆತನದ್ದು, ಅದಕ್ಕೆ ಕತ್ತರಿ ತಾಗಿಸಕೂಡದು ಎನ್ನುವುದು ಸಲ್ಲದು. ಗೆಳತಿಯರೆಲ್ಲ ಕೊಟ್ಟರು, ನೀನೂ ಕೊಡು ಎಂದು ಶಿಬಿರದಲ್ಲಿ ಸಾಲಾಗಿ ಕೂರಿಸುವುದೂ ಸಲ್ಲದು. ಹೆರಳು ಹೆಣೆದು ಮಲ್ಲಿಗೆ ಮುಡಿಯುವ ಹುಡುಗಿಯ ಸಂತೋಷ ಮಿತಿಯರಿತದ್ದಾದರೆ ಶ್ರಾವಕಾಚಾರಕ್ಕೆ ವಿರುದ್ಧವಲ್ಲ. ಕತ್ತರಿಸಿ ಕೊಟ್ಟವಳು ತನ್ನ ಮಂಗಳವನ್ನು ಕಳೆದುಕೊಂಡಳೆಂಬುದಕ್ಕೆ ನಾನು ಓದಿದ ಶ್ರಾವಕಾಚಾರಗಳಲ್ಲಿ ಆಧಾರವಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ. ಕೇಳದೆ ಕತ್ತರಿಸಿದ ಕೂದಲೂ ಬೆಳೆಯುತ್ತದೆ, ಆದರೆ ಆ ನೆನಪು ಹೋಗುವುದಿಲ್ಲವೆಂಬುದಕ್ಕೆ ದ್ರೌಪದಿಯಿಂದ ಯಮುನೆಯವರೆಗೆ ನಮ್ಮ ಸಾಹಿತ್ಯ ಸಾಕ್ಷಿ ನುಡಿದಿದೆ.

ಪುರಾಣ, ಶ್ರಾವಕಾಚಾರ, ಶಿಲ್ಪ ಮತ್ತು ಕಾದಂಬರಿಗಳನ್ನು ಒಟ್ಟಿಗಿಟ್ಟುಕೊಂಡು ಕನ್ನಡದಲ್ಲಿ ಕೇಶದ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯಲು ಸಾಕಷ್ಟು ಸಾಮಗ್ರಿಯಿದೆ. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಪ್ರತಿಯೊಂದು ಪ್ರಸಂಗದಲ್ಲಿಯೂ ಮುಡಿ ಯಾರದು ಎಂದು ಕೇಳಿದರೆ ಸಾಲದು. ಅದರ ಮೇಲಿರುವ ಕೈ ಯಾರದು ಎಂಬುದನ್ನೂ ಗುರುತಿಸುತ್ತ ಸಾಗಬೇಕು.