ಚಾಳೀಸಿಗೆ ಕಾಂಟ್ಯಾಕ್ಟ್ ಲೆನ್ಸ್: ಹಂಚಿಹೋದ ಬೆಳಕಿನ ಲೆಕ್ಕ

ನಲವತ್ತು ದಾಟಿದವರು ಪತ್ರಿಕೆಯನ್ನು ಕೈ ಚಾಚಿ ಹಿಡಿದು ಓದಬೇಕಾಗುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಒಂದೂವರೆ ಶತಮಾನ ಕಳೆದಿದೆ. 1801ರಲ್ಲಿ ಥಾಮಸ್ ಯಂಗ್ ತನ್ನ ಕಣ್ಣಿಗೆ ನೀರು ತುಂಬಿದ ಕೊಳವೆಯನ್ನು ಒತ್ತಿ ಹಿಡಿದು ಕಾರ್ನಿಯಾದ ಪ್ರಭಾವವನ್ನು ಇಲ್ಲವಾಗಿಸಿದ. ಆಗಲೂ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಂಡಿತು. ಹಾಗಾದರೆ ಈ ಕೆಲಸ ಒಳಗಿನ ಮಸೂರದ್ದೇ ಎಂದು ಅವನು ತೀರ್ಮಾನಿಸಿದ. ಆ ಮಸೂರ ಉಬ್ಬುವ ಬಗೆಯನ್ನು ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ವಿವರಿಸಿದ. 1864ರಲ್ಲಿ ಡಾಂಡರ್ಸ್ ಚಾಳೀಸು ಬೇರೆ, ದೂರದೃಷ್ಟಿ ದೋಷ ಬೇರೆ ಎಂದು ಸ್ಪಷ್ಟಪಡಿಸಿದ. ಎಳೆಯ ವಯಸ್ಸಿನಲ್ಲಿ ಹತ್ತು ಡಯಾಪ್ಟರ್‌ಗೂ ಮೀರಿ ಹೊಂದಿಕೊಳ್ಳುವ ಮಸೂರ ವರ್ಷ ಕಳೆದಂತೆ ಬಿಗಿಯಾಗಿ, ಅರವತ್ತರ ಹೊತ್ತಿಗೆ ಆ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿರುತ್ತದೆ. ಕಳೆದುಹೋದದ್ದು ಒಂದು ಚಲನೆ. ಅದರ ಬದಲಿಗೆ ನಾವು ಕೊಡುವ ಲೆನ್ಸಿಗೆ ಚಲನೆಯಿಲ್ಲ. ಇದ್ದ ಬೆಳಕನ್ನೇ ಹತ್ತಿರಕ್ಕೆ ಇಷ್ಟು, ದೂರಕ್ಕೆ ಇಷ್ಟು ಎಂದು ಅದು ಹಂಚಬಲ್ಲದು, ಅಷ್ಟೆ. ಈ ಕ್ಷೇತ್ರದ ನಿಜವಾದ ಪ್ರಗತಿ ಯಾವುದೋ ಪವಾಡದ ಲೆನ್ಸ್ ಕಂಡುಹಿಡಿದದ್ದರಲ್ಲಿ ಇಲ್ಲ. ಆ ಹಂಚಿಕೆಯನ್ನು ಹಾಕಿಕೊಳ್ಳುವವರ ಪಾಪೆ, ಮಿದುಳು ಮತ್ತು ದಿನದ ಕೆಲಸಕ್ಕೆ ಹೊಂದಿಸಲು ಕಲಿತದ್ದರಲ್ಲಿದೆ ಎಂಬುದು ನನ್ನ ವಾದ.

ಕನ್ನಡಕದಲ್ಲಿ ಈ ಸಮಸ್ಯೆ ಹದಿನೆಂಟನೆಯ ಶತಮಾನದಲ್ಲೇ ಬಗೆಹರಿದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಮೆಚ್ಚಿ ಬಳಸಿದ ಬೈಫೋಕಲ್‌ನಲ್ಲಿ ಗಾಜು ನಿಂತಲ್ಲೇ ನಿಂತು ಕಣ್ಣು ಮೇಲೆ ಕೆಳಗೆ ಸರಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಗಲ್ಲ, ಅದು ಕಣ್ಣಿನ ಜೊತೆಗೇ ತಿರುಗುತ್ತದೆ. ಕೆಳಗೆ ನೋಡಿದರೂ ಪಾಪೆಯ ಮುಂದೆ ಅದೇ ಭಾಗ. 1888ರಲ್ಲಿ ಅಡಾಲ್ಫ್ ಫಿಕ್ ಗಾಜಿನ ಲೆನ್ಸನ್ನು ಕಣ್ಣಿನ ಮೇಲೆ ಕೂರಿಸಿದ ಐವತ್ತು ವರ್ಷಗಳ ಮೇಲೆ, 1938ರಲ್ಲಿ, ಅಮೆರಿಕದ ವಿಲಿಯಂ ಫೈನ್‌ಬ್ಲೂಮ್ ಬೈಫೋಕಲ್ ಕಾಂಟ್ಯಾಕ್ಟ್ ಲೆನ್ಸಿನ ಕಲ್ಪನೆ ಮುಂದಿಟ್ಟರು. 1948ರಲ್ಲಿ ಕೆವಿನ್ ಟೂಹಿ ಕಾರ್ನಿಯಾವನ್ನಷ್ಟೇ ಮುಚ್ಚುವ ಪ್ಲಾಸ್ಟಿಕ್ ಲೆನ್ಸ್ ತಂದ ಮೇಲೆ ಎರಡು ದಾರಿಗಳು ತೆರೆದುಕೊಂಡವು. ಒಂದರಲ್ಲಿ, ಕೆಳಗೆ ನೋಡಿದಾಗ ಕೆಳರೆಪ್ಪೆಯ ಅಂಚು ಗಟ್ಟಿ ಲೆನ್ಸನ್ನು ಮೇಲಕ್ಕೆ ತಳ್ಳಿ ಓದುವ ಭಾಗವನ್ನು ಪಾಪೆಯ ಎದುರಿಗೆ ತರುತ್ತದೆ. ರೆಪ್ಪೆ ಸಡಿಲವಾಗಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಇನ್ನೊಂದರಲ್ಲಿ, ಜಾನ್ ಡಿ ಕಾರ್ಲ್ 1950ರ ದಶಕದಲ್ಲಿ ಮಾಡಿದಂತೆ, ಒಂದರೊಳಗೊಂದು ವೃತ್ತಗಳಲ್ಲಿ ಎರಡೂ ಪವರ್ ಇಡುತ್ತಾರೆ. ಎರಡು ಬಿಂಬಗಳೂ ಒಟ್ಟಿಗೇ ಅಕ್ಷಿಪಟದ ಮೇಲೆ ಬೀಳುತ್ತವೆ. ಕಿಟಕಿಯ ಸೊಳ್ಳೆಜಾಲರಿಯ ಆಚೆಗಿನ ಮರವನ್ನು ನೋಡುವಾಗ ಜಾಲರಿಯನ್ನು ಮರೆಯುವ ಹಾಗೆ, ಬೇಕಾದ ಬಿಂಬವನ್ನು ಹಿಡಿದು ಬೇಡದ್ದನ್ನು ಬಿಡುವುದು ಮಿದುಳಿನ ಪಾಲಿಗೆ ಬಿಟ್ಟದ್ದು.

ಇದಕ್ಕಿಂತ ಸುಲಭದ ಮೂರನೆಯ ದಾರಿ ಮಾನೋವಿಷನ್. ಒಂದು ಕಣ್ಣಿಗೆ ದೂರದ ಲೆನ್ಸ್, ಇನ್ನೊಂದಕ್ಕೆ ಹತ್ತಿರದ ಲೆನ್ಸ್. ಇದಕ್ಕೆ ವಿಶೇಷ ತಯಾರಿಕೆಯೇ ಬೇಡ. ಒಟ್ಟೊ ವಿಖ್ಟರ್ಲೆ 1961ರಲ್ಲಿ ಪ್ರಾಗ್‌ನ ತನ್ನ ಮನೆಯಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗ ಜೋಡಿಸಿ ತಿರುಗಿಸಿ ಎರಕ ಹೊಯ್ದ ಮೆತ್ತನೆಯ ಲೆನ್ಸ್ 1971ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಮೇಲಂತೂ ಈ ವಿಧಾನ ಎಲ್ಲೆಡೆ ಹಬ್ಬಿತು. 1996ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹಿಂದಿನ ಅಧ್ಯಯನಗಳನ್ನು ಒಟ್ಟುಮಾಡಿ ಇದರ ಯಶಸ್ಸು ಸರಾಸರಿ 73 ಶೇಕಡ ಎಂದಿತು. ಕೇಳಲು ಒಳ್ಳೆಯ ಅಂಕಿ. ಆದರೆ ಅದೇ ವರ್ಷದ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಡೆಲ್ಟಾ 554 ವಿಮಾನ ಇಳಿಯುವಾಗ ರನ್‌ವೇ ಮುಂದಿನ ದೀಪಗಳ ಕಟ್ಟೆಗೆ ತಾಗಿತು. ಯಾರೂ ಸಾಯಲಿಲ್ಲ. ಕ್ಯಾಪ್ಟನ್ ಮಾನೋವಿಷನ್ ಲೆನ್ಸ್ ಧರಿಸಿದ್ದರಿಂದ ವಿಮಾನ ರನ್‌ವೇಗೆ ಎಷ್ಟು ಎತ್ತರ, ಎಷ್ಟು ದೂರದಲ್ಲಿದೆ ಎಂಬ ತಪ್ಪು ಗ್ರಹಿಕೆಯನ್ನು ತಿದ್ದಿಕೊಳ್ಳಲಾಗಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ಕೆಳಗೆ ನೀರು, ಮಬ್ಬು ಬೆಳಕು, ಮಳೆ. ದೂರ ಅಳೆಯುವ ಬೇರೆ ಸುಳಿವುಗಳು ಕಮ್ಮಿಯಿದ್ದ ಹೊತ್ತು. ಎರಡು ಕಣ್ಣೂ ಕೂಡಿ ಆಳ ಗುರುತಿಸುವ ಶಕ್ತಿ ಆಗಲೇ ಬೇಕಿತ್ತು, ಮಾನೋವಿಷನ್ ಕುಗ್ಗಿಸುವುದೂ ಅದನ್ನೇ. ಅಕ್ಷರದ ಚಾರ್ಟ್ ಈ ನಷ್ಟವನ್ನು ಎಂದಿಗೂ ತೋರಿಸುವುದಿಲ್ಲ.

ಹತ್ತಿರದ, ದೂರದ ಪವರ್‌ಗಳನ್ನು ಒಂದೇ ಲೆನ್ಸಿನಲ್ಲಿಡುವ ಮಲ್ಟಿಫೋಕಲ್‌ನ ಕಥೆಯಲ್ಲೂ ಚಾರ್ಟ್ ಹೀಗೇ ದಾರಿ ತಪ್ಪಿಸುತ್ತದೆ. 2006ರಲ್ಲಿ ಅಮೆರಿಕದ ರಿಚ್‌ಡೇಲ್ ಮತ್ತು ಸಂಗಡಿಗರು 38 ಮಂದಿಗೆ ಮಾನೋವಿಷನ್, ಮಲ್ಟಿಫೋಕಲ್ ಎರಡನ್ನೂ ಒಂದಾದ ಮೇಲೊಂದು ಹಾಕಿಸಿದರು. ಸ್ಫುಟವಾದ ಅಕ್ಷರಗಳನ್ನು ಓದುವುದರಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದರೂ 76 ಶೇಕಡ ಜನ ಮಲ್ಟಿಫೋಕಲ್ ಬೇಕೆಂದರು. ಆಳದ ಗ್ರಹಿಕೆ ಅದರಲ್ಲಿ ಕಡಿಮೆ ಕೆಟ್ಟಿತ್ತು. ಹಾಗೆಂದು ಮಲ್ಟಿಫೋಕಲ್‌ಗೆ ಬೆಲೆಯಿಲ್ಲದೆ ಇಲ್ಲ. ನಡುವೆ ಹತ್ತಿರದ ಪವರ್, ಸುತ್ತ ದೂರದ ಪವರ್ ಇರುವ ವಿನ್ಯಾಸವನ್ನೇ ತೆಗೆದುಕೊಳ್ಳಿ. ಓದುವಾಗ ಪಾಪೆ ಕಿರಿದಾಗುತ್ತದೆ, ಬೆಳಕಿನ ದೊಡ್ಡ ಪಾಲು ಹತ್ತಿರಕ್ಕೇ ಸಿಗುತ್ತದೆ, ಒಳ್ಳೆಯದು. ಆದರೆ ಮಧ್ಯಾಹ್ನದ ಬಿಸಿಲಲ್ಲೂ ಪಾಪೆ ಕಿರಿದಾಗುತ್ತದೆ, ಆಗ ದೂರದ ಬಸ್ಸಿನ ಬೋರ್ಡೇ ಮಸುಕಾಗಬಹುದು. ಮಂದ ದೀಪದ ಹೋಟೆಲಿನಲ್ಲಿ ಪಾಪೆ ಹಿಗ್ಗಿ ಬಿಲ್ಲಿನ ಅಂಕಿಗಳು ಅಳಿಸಿದಂತೆ ಕಾಣುತ್ತವೆ; ರಾತ್ರಿ ಎದುರು ಬರುವ ವಾಹನದ ದೀಪಗಳ ಸುತ್ತ ಪ್ರಭೆ ಮೂಡುತ್ತದೆ. ವಯಸ್ಸಾದಂತೆ ಪಾಪೆ ತಾನೇ ಚಿಕ್ಕದಾಗುವುದರಿಂದ ನಲವತ್ತೆರಡಕ್ಕೆ ಒಗ್ಗಿದ ವಿನ್ಯಾಸ ಅರವತ್ತಕ್ಕೆ ಒಗ್ಗಬೇಕೆಂದಿಲ್ಲ. ಇತ್ತೀಚಿನ ಲೆನ್ಸ್‌ಗಳು ಪವರ್‌ಗೆ ತಕ್ಕಂತೆ ಒಳಗಿನ ವೃತ್ತಗಳ ಅಳತೆ ಬದಲಿಸತೊಡಗಿದ್ದು ಇದನ್ನು ಅರಿತೇ. ಹೊಸ ಪ್ಲಾಸ್ಟಿಕ್ಕಿಗಿಂತ ಇದು ದೊಡ್ಡ ಹೆಜ್ಜೆ ಎಂದು ನಾನು ಎಣಿಸುತ್ತೇನೆ.

ಇಷ್ಟೆಲ್ಲ ಯಾತಕ್ಕೆ, ಓದುವ ಕನ್ನಡಕ ಸಾಲದೇ ಎಂಬ ಆಕ್ಷೇಪಕ್ಕೆ ತೂಕವಿದೆ. 2018ರಲ್ಲಿ ಪ್ರಕಟವಾದ ಅಸ್ಸಾಮಿನ ಅಧ್ಯಯನವೊಂದರಲ್ಲಿ ನಲವತ್ತು ದಾಟಿದ ಚಹಾ ಎಲೆ ಕೀಳುವವರಿಗೆ ಬರೀ ಹತ್ತಿರದ ಕನ್ನಡಕ ಕೊಟ್ಟದ್ದಕ್ಕೆ ಅವರ ದಿನದ ಕೊಯ್ಲು, ಕೊಡದವರಿಗಿಂತ ಸುಮಾರು 22 ಶೇಕಡ ಹೆಚ್ಚಾಯಿತು. ಜಗತ್ತಿನಲ್ಲಿ 80 ಕೋಟಿಗೂ ಹೆಚ್ಚು ಜನರಿಗೆ ಚಾಳೀಸಿಗೆ ಸರಿಯಾದ ಕನ್ನಡಕವೇ ಸಿಕ್ಕಿಲ್ಲವೆಂಬ ಅಂದಾಜಿರುವಾಗ, ಸಾರ್ವಜನಿಕ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಪ್ಪತ್ತರಿಂದಲೂ ಲೆನ್ಸ್ ಹಾಕುತ್ತಿದ್ದವರ ವಿಚಾರ ಬೇರೆ. 2005ರಿಂದ 2009ರವರೆಗೆ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ನಲವತ್ತೈದು ಮೀರಿದ ಮೆತ್ತನೆಯ ಲೆನ್ಸ್‌ದಾರರಲ್ಲಿ ಹೆಚ್ಚಿನವರಿಗೆ ಚಾಳೀಸಿಗೆಂದು ಯಾವ ಲೆನ್ಸನ್ನೂ ಕೊಟ್ಟಿರಲಿಲ್ಲ. ಹಲವರು ಒಲ್ಲೆ ಎಂದಿರಬಹುದು, ಕಣ್ಣಿನ ಒಣತನ ಕೆಲವರನ್ನು ತಡೆದಿರಬಹುದು. ಆದರೂ ಪರೀಕ್ಷಿಸುವವರು ಚಾರ್ಟಿನ ಕೊನೆಯ ಸಾಲು ಕಾಣದಿದ್ದಕ್ಕೆ ಹತ್ತೇ ನಿಮಿಷದಲ್ಲಿ ಲೆನ್ಸ್ ತೆಗೆಸಿಬಿಡುವುದೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಮಿದುಳು ಹೊಂದಿಕೊಳ್ಳಲು ದಿನಗಳು ಬೇಕು. ತೀರ್ಪು ಬರಬೇಕಾದದ್ದು ಅವರ ಮೊಬೈಲ್, ಅವರ ಅಡುಗೆಮನೆ, ಅವರ ರಾತ್ರಿ ರಸ್ತೆಯಿಂದ.

ಇನ್ನು ಕಣ್ಣಿನ ಹನಿ ಬಂದಿರುವಾಗ ಲೆನ್ಸಿನ ಗೊಡವೆಯೇ ಬೇಡವೆನ್ನುವವರಿದ್ದಾರೆ. 2021ರಲ್ಲಿ ಅಮೆರಿಕ ಒಪ್ಪಿದ ಪೈಲೊಕಾರ್ಪಿನ್ ಹನಿ ಮುಖ್ಯವಾಗಿ ಪಾಪೆಯನ್ನು ಕಿರಿದಾಗಿಸಿ ಕೆಲವು ಗಂಟೆ ಹತ್ತಿರದ ನೋಟ ಕೊಡುತ್ತದೆ. ಅಂದರೆ ಅದೂ ಬೆಳಕಿನ ಹಂಚಿಕೆಯೇ. ಸಂಜೆಯಾದರೆ ಜಗತ್ತು ತುಸು ಕಪ್ಪಿಟ್ಟಂತೆ ಕಾಣುವುದು ಅದರ ಬೆಲೆ. ಅದಕ್ಕಿಂತ ಮುಖ್ಯ, ಪಾಪೆಯ ಅಳತೆ ನೋಡಿ ಕೊಟ್ಟ ಮಲ್ಟಿಫೋಕಲ್ ಹಾಕಿದವರು ಹನಿಯನ್ನೂ ಬಳಸಿದರೆ ಲೆನ್ಸಿನ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಎರಡನ್ನೂ ಬಯಸುವವರಿಗೆ ಹನಿ ಹಾಕಿದ ಮೇಲೊಮ್ಮೆ, ಹಾಕುವ ಮೊದಲೊಮ್ಮೆ ಪಾಪೆಯನ್ನು ಅಳೆದು ನೋಡುವುದು ಇನ್ನು ಮುಂದೆ ಪರೀಕ್ಷೆಯ ಭಾಗವೇ ಆಗಬೇಕು.