ನಮ್ಮ ಸೀಮೆಗೆ ಸ್ವಾತಂತ್ರ್ಯ ಬಂದದ್ದು ಯಾವಾಗ?

ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತಾ ಒಂದು ಪ್ರಶ್ನೆ ಕೇಳಿದ. "ಸಾರ್, ನಾವು ಓದುವಾಗ ಆಗಸ್ಟ್ 15ಕ್ಕೆ ಒಂದು ಸಲ ಧ್ವಜ ಏರಿಸುತ್ತಿದ್ದೆವು. ಈಗ ನಮ್ಮೂರ ಶಾಲೆಯಲ್ಲಿ ಸೆಪ್ಟೆಂಬರ್ 17ಕ್ಕೂ ಏರಿಸುತ್ತಾರಂತೆ. ನಾವು ಯಾವಾಗ ನಿಜಾಮನ ಕೈಕೆಳಗಿದ್ದೆವು?" ಪ್ರಶ್ನೆ ಸಣ್ಣದು. ಉತ್ತರವನ್ನು ಮಾತ್ರ ದೂರವಾಣಿಯಲ್ಲಿ ಹೇಳಿ ಮುಗಿಸಲಾಗಲಿಲ್ಲ. ಆದ್ದರಿಂದ ಅವನಿಗೂ, ಇದನ್ನು ಓದುವ ಇತರ ಶಿಷ್ಯರಿಗೂ, ನಮ್ಮ ಮನೆಯ ಹೊಸ ತಲೆಮಾರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಾಖಲೆಯ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಿರುವ ಈ ಸೀಮೆಯು ಟಿಪ್ಪು ಸುಲ್ತಾನನೊಡನೆ ನಡೆದ ಯುದ್ಧಗಳ ನಂತರದ ಹಂಚಿಕೆಗಳಲ್ಲಿ ನಿಜಾಮನ ಪಾಲಿಗೆ ಬಂದದ್ದು ಹೌದು. ಆದರೆ ಅವನ ಕೈಯಲ್ಲಿ ಅದು ಹೆಚ್ಚು ಕಾಲ ಉಳಿಯಲಿಲ್ಲ. ತನ್ನ ರಕ್ಷಣೆಗೆಂದು ಇರಿಸಿಕೊಂಡ ಇಂಗ್ಲಿಷ್ ಸೈನ್ಯದ ಖರ್ಚಿಗೆ ಬದಲಾಗಿ ನಿಜಾಮನು 1800ರಲ್ಲಿ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ದತ್ತ ಮಂಡಲ' ಎಂಬ ಹೆಸರು ಬಂದದ್ದು ಹಾಗೆ. ಥಾಮಸ್ ಮನ್ರೋ ಇಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದು, ಪಾಳೆಯಗಾರರನ್ನು ಅಡಗಿಸಿ, ರೈತವಾರಿ ಕಂದಾಯದ ಪದ್ಧತಿಯನ್ನು ನೆಲೆಗೊಳಿಸಿದ. ಅಲ್ಲಿಂದ ಮುಂದೆ ನೂರೈವತ್ತಕ್ಕೂ ಹೆಚ್ಚು ವರ್ಷ ನಾವು ಮದರಾಸಿನವರು. ನಮ್ಮ ತಾತಂದಿರ ಮನವಿ ಅರ್ಜಿಗಳೆಲ್ಲ ಕೊನೆಗೆ ತಲುಪುತ್ತಿದ್ದುದು ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ. ಹಾಗಾಗಿ ನನ್ನ ಶಿಷ್ಯನ ಅನುಮಾನ ಸರಿಯೇ. 1947ರ ಆಗಸ್ಟ್ 15ರಂದು ನಾವು ನಿಜಾಮನ ಪ್ರಜೆಗಳಾಗಿರಲಿಲ್ಲ.

ಆದರೆ ನಮ್ಮ ಅಕ್ಕಪಕ್ಕದವರು ಯಾರು? ಇಲ್ಲಿಯೇ ಕಥೆ ಸ್ವಾರಸ್ಯವಾಗುತ್ತದೆ. ಹಡಗಲಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಮುಂಡರಗಿ. ಅದು ಮುಂಬಯಿ ಪ್ರಾಂತ್ಯ. ಇನ್ನಷ್ಟು ಉತ್ತರಕ್ಕೆ ಸರಿದರೆ ಅಳವಂಡಿ, ಕೊಪ್ಪಳ. ಅದು ನಿಜಾಮನ ಹೈದರಾಬಾದು. ಕೊಟ್ಟೂರಿನಿಂದ ದಕ್ಷಿಣಕ್ಕೆ ಜಗಳೂರು; ಅದು ಮೈಸೂರು ಮಹಾರಾಜರ ಸೀಮೆ. ಕೂಡ್ಲಿಗಿಯ ಮಗ್ಗುಲಿಗೆ ಘೋರ್ಪಡೆಯವರ ಪುಟ್ಟ ಸಂಡೂರು ಸಂಸ್ಥಾನ. ಭಾಷೆ ಒಂದೇ, ಜೋಳದ ರೊಟ್ಟಿ ಒಂದೇ, ದೇವರುಗಳೂ ಅವರೇ, ಆಳುವವರು ಮಾತ್ರ ಐದು ಬಗೆ! ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿದಾಗ, ಅದನ್ನು ಕೇಳಲು ಹೊಳೆಯ ಎರಡೂ ದಂಡೆಗಳಿಂದ ಬಂದ ಜನ ಒಬ್ಬರ ಹೆಗಲಿಗೆ ಇನ್ನೊಬ್ಬರು ಹೆಗಲು ತಾಗಿಸಿ ನಿಂತಿರುತ್ತಿದ್ದರು. ಒಂದೇ ನುಡಿಯನ್ನು ಒಬ್ಬ ಬ್ರಿಟಿಷರ ಪ್ರಜೆಯಾಗಿ ಕೇಳುತ್ತಿದ್ದ, ಇನ್ನೊಬ್ಬ ನಿಜಾಮನ ಪ್ರಜೆಯಾಗಿ. ಕಾರ್ಣಿಕದ ಅರ್ಥ ಬಿಡಿಸುವುದರಲ್ಲಿ ಅಂದಿಗೂ ಇಂದಿಗೂ ಜನ ತಮ್ಮ ತಮ್ಮ ರಾಜಕೀಯವನ್ನು ಸೇರಿಸದೆ ಬಿಟ್ಟದ್ದಿಲ್ಲ, ಅದು ಬೇರೆಯ ಮಾತು.

ನಮ್ಮ ಬಂಧುಬಳಗವೂ ಈ ಗಡಿಗಳ ಮೇಲೆಯೇ ಹರಡಿಕೊಂಡಿತ್ತು. ನಮ್ಮಜ್ಜ ಕೊಟ್ಟೂರಿನವರು. ಅಜ್ಜನ ಹಿರಿಯ ಮಗಳನ್ನು, ಅಂದರೆ ನನ್ನ ಸೋದರತ್ತೆಯನ್ನು, ಅಳವಂಡಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅಜ್ಜನ ಬೀಗರೊಬ್ಬರು ಜಗಳೂರು ಕಡೆಯವರು. ನಾನು ಹುಟ್ಟಿದ್ದು 1947ರಲ್ಲಿ. ಆದ್ದರಿಂದ ಆ ದಿನಗಳನ್ನು ಕಂಡವನಲ್ಲ. ಆದರೆ ನಾನು ಹುಡುಗನಾಗಿದ್ದಾಗ ಹಬ್ಬಕ್ಕೋ ತೇರಿಗೋ ಇವರೆಲ್ಲ ಕೊಟ್ಟೂರಿನ ಮನೆಯಲ್ಲಿ ಸೇರಿದರೆ, ಊಟವಾದ ಮೇಲೆ ಜಗುಲಿಯ ಮೇಲೆ ಇದೇ ವಾಗ್ವಾದ ಶುರುವಾಗುತ್ತಿತ್ತು.

ಅಜ್ಜ ಕಾಂಗ್ರೆಸ್ಸಿನ ಅಭಿಮಾನಿ. ಖಾದಿ ತೊಡುತ್ತಿದ್ದರು. 1937ರಲ್ಲಿ ರಾಜಾಜಿಯವರು ಮದರಾಸು ಪ್ರಾಂತ್ಯದ ಪ್ರಧಾನಿಯಾದಾಗಲೇ ಅರ್ಧ ಸ್ವಾತಂತ್ರ್ಯ ಬಂದಿತೆಂದು ಅವರ ಎಣಿಕೆ. ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮ ಸ್ಮಾರಕ ಕೂಡ್ಲಿಗಿಯಲ್ಲಿದೆಯಷ್ಟೆ. ಕಚೇರಿ ಕೆಲಸಕ್ಕೆಂದು ಆ ಊರಿಗೆ ಹೋದಾಗಲೆಲ್ಲ ಅಜ್ಜ ಅಲ್ಲಿ ಚಪ್ಪಲಿ ಬಿಟ್ಟು ನಿಂತು ಬರುತ್ತಿದ್ದರು. ಅವರ ಪಾಲಿಗೆ ಸ್ವಾತಂತ್ರ್ಯವೆಂದರೆ ಪರದೇಶದವರು ಹೋದರು ಎಂಬುದು. ನಾಯಕನೆಂದರೆ ಸೆರೆಮನೆಗೆ ಹೋಗಿ ಬಂದವನು.

ಜಗಳೂರಿನ ಬೀಗರಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. "ಬೀಗರೇ, ನಿಮಗೆ ಬ್ರಿಟಿಷರು ಕಾಟ ಕೊಟ್ಟಿರಬಹುದು. ನಮಗೆ ಮಹಾರಾಜರು ಏನು ಕಡಿಮೆ ಮಾಡಿದ್ದರು?" ಎಂದು ಅವರು ಎಲೆಯಡಿಕೆ ಮಡಿಸುತ್ತಾ ಕೇಳುತ್ತಿದ್ದರು. ಅವರ ಮಾತಿನಲ್ಲಿ ತಿರುಳಿಲ್ಲದೆ ಇರಲಿಲ್ಲ. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಕೂಡಿತ್ತು. ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾನಿಲಯಗಳನ್ನು ನೋಡಿ ನಮ್ಮ ಮದರಾಸು ಗಡಿಯ ಜನ ಕರುಬುತ್ತಿದ್ದರು. ಆದರೂ ಅದೇ ಮೈಸೂರಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿತ್ತು. ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಅದರ ನಂತರವೇ 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು. ಅಜ್ಜ ಇದನ್ನು ನೆನಪಿಸಿದರೆ ಬೀಗರು, "ಅದೆಲ್ಲ ವಕೀಲರ ಗಲಾಟೆ" ಎಂದು ತಳ್ಳಿಹಾಕುತ್ತಿದ್ದರು. ಒಳ್ಳೆಯ ಅರಸನಿರುವಾಗ ಜನ ತಮ್ಮ ಹಕ್ಕನ್ನು ಕೇಳುವುದಕ್ಕೆ ಸಂಕೋಚಪಡುತ್ತಾರೆಂಬುದನ್ನು ನಾನು ಮೊದಲು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಈ ಬೀಗರಿಂದ.

ಸೋದರತ್ತೆ ಬಾಗಿಲ ಮರೆಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ಒಮ್ಮೆ ಮಾತ್ರ ನಡುವೆ ಬಾಯಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಪ್ಪಾ, ನೀವು ಪೇಡೆ ಹಂಚಿದ ದಿನ ನಮ್ಮೂರಾಗ ಝಂಡಾ ಅಂತ ಬಾಯಿ ತೆಗೆಯೋ ಹಂಗಿದ್ದಿಲ್ಲ" ಎಂದಳು. ಜಗುಲಿ ಮೌನವಾಯಿತು.

ಅವಳು ಹೇಳಿದ್ದು ನಿಜ. ಹೈದರಾಬಾದು ಭಾರತವನ್ನು ಸೇರಲಿಲ್ಲ. ಅಲ್ಲಿ ತ್ರಿವರ್ಣ ಧ್ವಜವೇರಿಸಿದವರು ಸೆರೆಮನೆ ಕಂಡರು. ಅಲ್ಲಿಯ ನಾಣ್ಯ ಬೇರೆ, ಹಾಲಿ ಸಿಕ್ಕಾ. ಗಡಿಯಲ್ಲಿ ಕರೋಡಗಿರಿ ನಾಕೆ. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ರಜಾಕಾರರ ಹಾವಳಿ ಹೆಚ್ಚಿದಂತೆ ಗಡಿಯ ಈಚೆ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರವನ್ನೂ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದ ಶಿಬಿರವನ್ನೂ ಮುನ್ನಡೆಸಿದರು. ಗಾಂಧೀಜಿಯ ಮಾತನ್ನು ನೆಚ್ಚಿದ ನಮ್ಮಜ್ಜನಿಗೆ ಶಿಬಿರದ ಹುಡುಗರು ಬಂದೂಕು ಹಿಡಿದದ್ದು ಸರಿಬರಲಿಲ್ಲ. ಅತ್ತೆಗೆ ಅದೇ ಹುಡುಗರು ದೇವರಾಗಿದ್ದರು. ಒಂದೇ ಮನೆಯ ತಂದೆಗೂ ಮಗಳಿಗೂ ನಾಯಕನ ಕಲ್ಪನೆ ಇಷ್ಟು ಬೇರೆಯಾಗಲು ನಡುವೆ ಇದ್ದದ್ದು ಒಂದು ಹೊಳೆ ಮಾತ್ರ.

1948ರ ಬೇಸಿಗೆಯಲ್ಲಿ ಅತ್ತೆ ಎರಡು ಮಕ್ಕಳೊಡನೆ ರಾತ್ರೋರಾತ್ರಿ ಹೊಳೆ ದಾಟಿ ಹಡಗಲಿ ಕಡೆಯ ನೆಂಟರ ಮನೆ ಸೇರಿ, ಅಲ್ಲಿಂದ ಗಾಡಿಯಲ್ಲಿ ಕೊಟ್ಟೂರಿಗೆ ಬಂದಳು. ನೀರು ಕಡಿಮೆಯಿತ್ತು. ಚಿಕ್ಕ ಮಗುವನ್ನು ಹೆಗಲ ಮೇಲೆ ಹೊತ್ತು ದಾಟಿಸಿದವನು ಅವರ ಊರಿನ ಪಿಂಜಾರ, ಗಾದಿ ಹೊಲಿಯುವವನು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದಿನೊಳಗೆ ಹೋಯಿತು, 17ರಂದು ನಿಜಾಮ ಶರಣಾದ. ಮಳೆಗಾಲ ಕಳೆದ ಮೇಲೆ ಅತ್ತೆ ತನ್ನ ಊರಿಗೆ ಮರಳಿದಳು. ಅವಳ ಮನೆ ಇದ್ದ ಹಾಗೆಯೇ ಇತ್ತು. ಪಿಂಜಾರನ ಮನೆಗೆ ಬಾಗಿಲಿರಲಿಲ್ಲ. ಮನೆಯವರು ಎಲ್ಲಿ ಹೋದರೆಂದು ಕೇಳಿದರೆ ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲವಂತೆ.

ಈ ಭಾಗವನ್ನು ಸೆಪ್ಟೆಂಬರ್ 17ರ ಭಾಷಣಗಳಲ್ಲಿ ನಾನು ಕೇಳಿದ್ದು ಅಪರೂಪ. ಆಗ ನಡೆದ ಹತ್ಯೆಗಳನ್ನು ಪರಿಶೀಲಿಸಲು ನೆಹರೂ ಸರ್ಕಾರವೇ ಪಂಡಿತ ಸುಂದರಲಾಲರ ತಂಡವನ್ನು ಕಳಿಸಿತ್ತು. ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ತರುವಾಯ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಆ ವರದಿ ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ದಶಕಗಳ ಕಾಲ ಆ ವರದಿ ಬೆಳಕಿಗೆ ಬರಲಿಲ್ಲ. ರಜಾಕಾರರ ಕ್ರೌರ್ಯವನ್ನು ಹೇಳುವವರು ಇದನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಹೊಳೆ ದಾಟಿ ಬಂದ ಅತ್ತೆಗೆ ಅದು ವಿಮೋಚನೆ. ದಾಟಿಸಿದವನಿಗೆ?

ಅಜ್ಜನಿಗೆ ಮಾತ್ರ ಎರಡನೆಯ ಸ್ವಾತಂತ್ರ್ಯವೊಂದು ಬಾಕಿಯಿತ್ತು. ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ 1952ರ ಡಿಸೆಂಬರಿನಲ್ಲಿ ತೀರಿಕೊಂಡು, ಆಂಧ್ರ ರಾಜ್ಯದ ರಚನೆ ಖಚಿತವಾದಾಗ ಬಳ್ಳಾರಿ ಜಿಲ್ಲೆ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನಮ್ಮ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ಅವರಿಗೆ ಒಪ್ಪಿಸಲಾಯಿತು. ಅದೂ ಮೈಸೂರಿಗೇ ದಕ್ಕಿತು. ವಿಲೀನದ ಮುನ್ನಾದಿನ ಬಳ್ಳಾರಿಯಲ್ಲಿ ಉತ್ಸವದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಕನ್ನಡಕ್ಕಾಗಿ ಮಡಿದ ಆತನೂ ಪಿಂಜಾರನೇ. ಈ ಹೆಸರನ್ನು ಕೇಳಿದಾಗಲೆಲ್ಲ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಕಾರಣ ಅರ್ಥವಾದದ್ದು ಬಹಳ ತಡವಾಗಿ.

1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರಿದೆವು. ಅಜ್ಜನ ನೆಮ್ಮದಿ ಎರಡು ವರ್ಷವಷ್ಟೇ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತುಂಗಭದ್ರಾ ಯೋಜನೆಯ ನೆಪದಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಬರೆದುಬಿಟ್ಟಿತು. ಪುಣ್ಯಕ್ಕೆ ಅದು ಜಾರಿಯಾಗಲಿಲ್ಲ. 1956ರ ನವೆಂಬರ್ 1ರಂದು ಕೊಪ್ಪಳವೂ ಮುಂಡರಗಿಯೂ ಜಗಳೂರೂ ಕೊಟ್ಟೂರೂ ಒಂದೇ ರಾಜ್ಯವಾದವು. ಅತ್ತೆಯ ಊರಿಗೂ ನಮ್ಮ ಊರಿಗೂ ನಡುವೆ ಹೊಳೆ ಬಿಟ್ಟರೆ ಬೇರೆ ಗಡಿ ಉಳಿಯಲಿಲ್ಲ.

ಇಷ್ಟೆಲ್ಲ ಆದ ಮೇಲೂ ನಾವು 'ಹೈದರಾಬಾದ್ ಕರ್ನಾಟಕ'ದವರಾದದ್ದು ಹೇಗೆ? ಆಡಳಿತದ ಕಾರಣದಿಂದ. ಬಳ್ಳಾರಿ ಜಿಲ್ಲೆಯನ್ನು ಕಲಬುರಗಿ ವಿಭಾಗಕ್ಕೆ ಸೇರಿಸಿದ್ದರು. ಸಂವಿಧಾನದ 371ಜೆ ವಿಧಿ ಬಂದಾಗ ಆರು ಜಿಲ್ಲೆಗಳಲ್ಲಿ ಅದೂ ಒಂದಾಯಿತು. ಓದು ಮತ್ತು ನೌಕರಿಯಲ್ಲಿ ಮೀಸಲಾತಿ ದೊರೆಯಿತು. 1997ರಲ್ಲಿ ದಾವಣಗೆರೆಗೆ ಹೋಗಿದ್ದ ಹರಪನಹಳ್ಳಿಯವರಿಗೆ ಅದು ಸಿಗಲಿಲ್ಲ. ಅವರು ಹೋರಾಡಿ 2018ರಲ್ಲಿ ಮರಳಿ ಬಳ್ಳಾರಿಗೆ ಬಂದರು. ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆಯಲು ಅತ್ತೆಯ ಊರಿನವರು ಹೋರಾಡಿದರೆ, ನಿಜಾಮನ ಹೆಸರಿನ ಸೀಮೆಗೆ ಸೇರಲು ನಮ್ಮವರು ಹೋರಾಡಿದರು! 2019ರಲ್ಲಿ ಆ ಹೆಸರು 'ಕಲ್ಯಾಣ ಕರ್ನಾಟಕ'ವಾಯಿತು, 2021ರಲ್ಲಿ ನಮ್ಮ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಬಂದವು. ಸೆಪ್ಟೆಂಬರಿನ ಧ್ವಜ ಈ ದಾರಿಯಿಂದ ಬಂದದ್ದು.

ಇದೇನು ನಮ್ಮಲ್ಲಿ ಮಾತ್ರವಲ್ಲ. ಫಿಲಿಪೀನ್ಸ್ ದೇಶ ಅಮೆರಿಕನ್ನರು ಕೊಟ್ಟ ಜುಲೈ 4ನ್ನು ಬಿಟ್ಟು, ತಾನೇ 1898ರಲ್ಲಿ ಸಾರಿಕೊಂಡ ಜೂನ್ 12ನ್ನು 1962ರಲ್ಲಿ ಸ್ವಾತಂತ್ರ್ಯ ದಿನವಾಗಿ ಆರಿಸಿಕೊಂಡಿತು. ನನ್ನ ಶಿಷ್ಯನಿರುವ ಟೆಕ್ಸಾಸ್‌ನಲ್ಲಿಯೇ ಗುಲಾಮರ ಬಿಡುಗಡೆಯ ಆಜ್ಞೆ ಕಪ್ಪು ಜನರಿಗೆ ತಲುಪಿದ್ದು 1865ರ ಜೂನ್ 19ರಂದು, ಲಿಂಕನ್ನರು ಅದನ್ನು ಹೊರಡಿಸಿ ಎರಡೂವರೆ ವರ್ಷವಾದ ಮೇಲೆ. 2021ರಿಂದ ಆ ದಿನ ಅಲ್ಲಿ ರಾಷ್ಟ್ರೀಯ ರಜೆ. "ನಿನಗೆ ಅಂದು ರಜೆಯಿರುತ್ತದಲ್ಲ, ಅದು ನಿಮ್ಮ ಟೆಕ್ಸಾಸಿನ ಸೆಪ್ಟೆಂಬರ್ 17 ಎಂದುಕೋ" ಎಂದೆ. ಅವನು "ಹೌದಲ್ಲ ಸಾರ್!" ಎಂದ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1974ರ ಸುಮಾರಿಗೆ ಹಗರಿಬೊಮ್ಮನಹಳ್ಳಿ ಕಡೆಯ ಶಾಲೆಯೊಂದರಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದಾಗ, ತಾಯಿಯ ತವರಿನಲ್ಲಿದ್ದುಕೊಂಡು ಓದುತ್ತಿದ್ದ ಕೊಪ್ಪಳ ಸೀಮೆಯ ಹುಡುಗನೊಬ್ಬ "ನಮಗೆ ಸ್ವಾತಂತ್ರ್ಯ ಬಂದ ದಿನ ಯಾವುದು?" ಎಂಬ ಪ್ರಶ್ನೆಗೆ 1948ರ ಸೆಪ್ಟೆಂಬರ್ 17 ಎಂದು ಬರೆದಿದ್ದ. ನಾನು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು ಒಂದು ಅಂಕ ಕಳೆದೆ. ಅತ್ತೆಯ ಕಥೆಯನ್ನು ಕೇಳಿ ಬೆಳೆದವನಾಗಿಯೂ ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡವನು. ಕೆಲವು ವರ್ಷಗಳ ಹಿಂದೆ ಕೊಟ್ಟೂರೇಶ್ವರನ ತೇರಿನಲ್ಲಿ ಸಿಕ್ಕಾಗ ಕೈಹಿಡಿದು ಆ ಅಂಕದ ವಿಷಯ ಹೇಳಿದೆ. ಅವನಿಗೆ ನೆನಪೇ ಇರಲಿಲ್ಲ. "ಬಿಡ್ರಿ ಸಾರ್, ಆ ವರ್ಷ ನಾನು ಫೇಲಾಗಿದ್ದು ಗಣಿತದಾಗ" ಎಂದು ನಕ್ಕು, ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರಿನತ್ತ ಹೊರಟುಹೋದ.