ಎಣಿಕೆಯಿಂದ ಗುರುತಿನವರೆಗೆ

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿಗೆ ಗಿರಾಕಿಯ ಮುಖ ನೋಡಿದರೆ ಸಾಕು, ಕೊಳ್ಳಲು ಬಂದವನೋ ಬರೀ ದರ ಕೇಳಲು ಬಂದವನೋ ತಿಳಿಯುತ್ತದೆ. ಇಂಟರ್‌ನೆಟ್ ಅಂಗಡಿಗೆ ಮೊದಲು ಈ ಅನುಕೂಲವಿರಲಿಲ್ಲ. ಅದಕ್ಕಿದ್ದದ್ದು ಸರ್ವರ್ ಬರೆದಿಡುವ ದಾಖಲೆ ಮಾತ್ರ. ಅದರಲ್ಲಿ ಕಡತವೊಂದನ್ನು ಕೇಳಿದಾಗಲೆಲ್ಲ ಒಂದು 'ಹಿಟ್'. ಹತ್ತು ಚಿತ್ರಗಳಿರುವ ಪುಟವನ್ನು ಒಬ್ಬರೇ ತೆರೆದರೂ ಲೆಕ್ಕ ಹನ್ನೊಂದು! ಇದನ್ನು ನಂಬಿ ಜಾಹೀರಾತಿಗೆ ಹಣ ಸುರಿಯುವುದು ಹೇಗೆ?

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 'ಕುಕಿ'ಯನ್ನು ರೂಪಿಸಿದರು. ಗಿರಾಕಿಯ ಕಂಪ್ಯೂಟರಿನಲ್ಲೇ ಉಳಿಯುವ ಈ ಪುಟ್ಟ ಚೀಟಿ, ಬಂದವರು ಹೊಸಬರೋ ಹಳಬರೋ ಎಂದು ಹೇಳಿತು. ಮುಂದೆ, ಯಾವ ಜಾಹೀರಾತು ಅವರನ್ನು ಕರೆತಂದಿತು, ಯಾವ ಪುಟದಿಂದ ಬರಿಗೈಯಲ್ಲಿ ಮರಳಿದರು ಎಂಬುದೂ ತಿಳಿಯತೊಡಗಿತು. ಅದನ್ನು ನೋಡಿ ಪುಟ ತಿದ್ದುವುದು, ಜಾಹೀರಾತು ಬದಲಿಸುವುದು ವ್ಯಾಪಾರದ ರೂಢಿಯಾಯಿತು. 2005ರಲ್ಲಿ ಅರ್ಚಿನ್ ಸಂಸ್ಥೆಯನ್ನು ಕೊಂಡ ಗೂಗಲ್, ಅದೇ ವರ್ಷ 'ಗೂಗಲ್ ಅನಲಿಟಿಕ್ಸ್' ಸೇವೆಯನ್ನು ಉಚಿತವಾಗಿ ಕೊಟ್ಟಾಗ ಸಣ್ಣ ವ್ಯಾಪಾರಿಗೂ ಈ ಲೆಕ್ಕ ದಕ್ಕಿತು.

ಆದರೆ ಬೀದಿಯ ಅಂಗಡಿಯಲ್ಲಿ ಗಿರಾಕಿಯೂ ವ್ಯಾಪಾರಿಯನ್ನು ನೋಡುತ್ತಾನೆ. ಇಲ್ಲಿ ನೋಟ ಒಂದೇ ಕಡೆಯದು. 2018ರಲ್ಲಿ ಜಾರಿಗೆ ಬಂದ ಯುರೋಪಿನ ನಿಯಮವೂ 2023ರ ಭಾರತದ ಕಾಯ್ದೆಯೂ ವ್ಯಕ್ತಿಯ ಒಪ್ಪಿಗೆಗೆ ಒತ್ತು ಕೊಟ್ಟಿವೆ. ಗಿರಾಕಿಯನ್ನು ಅರಿಯುವುದು ವ್ಯಾಪಾರದ ಜಾಣತನ. ಅವನನ್ನು ಕೇಳಿ ಅರಿಯುವುದು ವ್ಯಾಪಾರದ ಮರ್ಯಾದೆ.